ಗುಟ್ಟು, ಕಟ್ಟು ಮತ್ತು ಅತ್ತೆಯ ಚೀಟಿ

ಬಹಳ ದಿನದಿಂದ ಬರೆಯಬೇಕು ಅಂದುಕೊಂಡು ಮುಂದೂಡುತ್ತಾ ಬಂದ ಸಂಗತಿ ಇದು. ಸೋಮಾರಿತನ ಒಂದು ಕಾರಣ. ಇನ್ನೊಂದು ಕಾರಣ ಏನು ಅಂತ ಓದುತ್ತಾ ಹೋದರೆ ನಿಮಗೇ ಗೊತ್ತಾಗುತ್ತದೆ.

ನಮ್ಮ ಮನೆಮಂದಿಯ ನಡುವೆ ಒಂದು ಚೀಟಿ ನಡೆಯುತ್ತಿತ್ತು. ಇಪ್ಪತ್ತು ಜನ, ತಿಂಗಳಿಗೆ ತಲಾ 5,000, ಒಟ್ಟು ಒಂದು ಲಕ್ಷ. 2020ರ ಜನವರಿಯಲ್ಲಿ ಶುರುವಾಗಿದ್ದು. ದುಡ್ಡಿನ ಅಗತ್ಯ ಇದ್ದವರು ಕೂಗಬೇಕು, ಯಾರು ಹೆಚ್ಚು ಬಿಟ್ಟುಕೊಡುತ್ತಾರೋ ಆ ತಿಂಗಳ ಚೀಟಿ ಅವರದ್ದು. ಬಿಟ್ಟುಕೊಟ್ಟ ಮೊತ್ತವನ್ನು ಇಪ್ಪತ್ತು ಜನಕ್ಕೂ ಸಮನಾಗಿ ಹಂಚುವುದು. ನಮ್ಮಲ್ಲಿ ಬಾಯಿಬಿಟ್ಟು ಕೂಗುವ ಪದ್ಧತಿ ಇರಲಿಲ್ಲ. ದೊಡ್ಡತ್ತೆಯ ಮನೆಯ ಹಜಾರದಲ್ಲಿ ಒಂದು ಸ್ಟೀಲಿನ ಡಬ್ಬಿ, ಅದರೊಳಗೆ ಎಲ್ಲರೂ ಮೊತ್ತ ಬರೆದು ಮಡಚಿ ಹಾಕುವುದು, ಕಾಫಿ ಆದ ಮೇಲೆ ತೆಗೆದು ಓದುವುದು. ಈ ಹಿಂದೆ ಕುಳಿತವರ ಮುಖ ನೋಡಿಕೊಂಡು ಕೂಗಿ ಕೂಗಿ ಇಬ್ಬರು ಚಿಕ್ಕಪ್ಪಂದಿರು ಒಂದು ವರ್ಷ ಮಾತು ಬಿಟ್ಟಿದ್ದರಂತೆ, ಆಮೇಲೆ ಬಂದ ಡಬ್ಬಿ ಅದು.

ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಹಜಾರ ಬಂದ್, ಡಬ್ಬಿ ಬಂದ್. ವಾಟ್ಸಾಪ್ ಗುಂಪಿನಲ್ಲೇ ಚೀಟಿ ನಡೆಸೋಣ ಅಂತಾಯಿತು. ಆದರೆ ಹೇಗೆ? ಒಬ್ಬರು ಮೊದಲು ‘ಆರು ಸಾವಿರ’ ಅಂತ ಹಾಕಿದರೆ ಇನ್ನೊಬ್ಬರು ಆರು ಸಾವಿರದ ನೂರು ಹಾಕುತ್ತಾರೆ. ಎಲ್ಲರೂ ನನಗೆ ಖಾಸಗಿಯಾಗಿ ಕಳಿಸಿ ಅಂದೆ. ಚಿಕ್ಕಪ್ಪ ತಕ್ಷಣ, “ಆಗ ನೀನು ನೋಡ್ತೀಯಲ್ಲಪ್ಪಾ, ನೀನೂ ಕೂಗೋನೇ ತಾನೆ?” ಅಂದರು. ಸರಿಯಾದ ಮಾತೇ.

ಸಾಫ್ಟ್‌ವೇರಿನವನಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕಾ ಹೇಳಿ! ಇದಕ್ಕೆ ಸರಿಯಾದ ಮದ್ದು ನನ್ನ ಹತ್ತಿರ ಇದೆ, ಯಾರೂ ಯಾರನ್ನೂ ನಂಬಬೇಕಿಲ್ಲ ಅಂತ ಗುಂಪಿನಲ್ಲಿ ಉದ್ದಕ್ಕೆ ಬರೆದೆ. ಅದಕ್ಕೆ ಇಂಗ್ಲಿಷಿನಲ್ಲಿ ಕಮಿಟ್‌ಮೆಂಟ್ ಸ್ಕೀಮ್ ಅನ್ನುತ್ತಾರೆ. ಕನ್ನಡದಲ್ಲಿ ಬದ್ಧತೆ ಅನ್ನಬಹುದು, ಆದರೆ ಆ ಪದವನ್ನು ವಿಮರ್ಶಕರು ಎಷ್ಟು ತಿಕ್ಕಿದ್ದಾರೆಂದರೆ ಈಗ ಅದರಲ್ಲಿ ಏನೂ ಉಳಿದಿಲ್ಲ :)

ವಿಷಯ ಇಷ್ಟೇ. ನಾನು ಒಂದು ಮಾತನ್ನು ಲಕೋಟೆಯೊಳಗಿಟ್ಟು ಅಂಟಿಸಿ ನಿಮ್ಮ ಕೈಗೆ ಕೊಡುತ್ತೇನೆ. ನಾನು ತೆರೆಯುವ ತನಕ ನಿಮಗೆ ಒಳಗೇನಿದೆ ತಿಳಿಯಬಾರದು. ಇದು ಗುಟ್ಟು. ಲಕೋಟೆ ನಿಮ್ಮ ಕೈಯಲ್ಲಿರುವುದರಿಂದ ನಾನು ಆಮೇಲೆ ಒಳಗಿನದನ್ನು ಬದಲಾಯಿಸಲಾರೆ. ಇದು ಕಟ್ಟು. ಗುಟ್ಟು ಮತ್ತು ಕಟ್ಟು, ಎರಡೂ ಬೇಕು. ಈಗ ಲಕೋಟೆ ಇಲ್ಲ, ಇಬ್ಬರೂ ಬೇರೆ ಬೇರೆ ಊರಿನಲ್ಲಿ ಫೋನ್ ಹಿಡಿದು ಕೂತಿದ್ದಾರೆ ಅಂದುಕೊಳ್ಳಿ. 1981ರಲ್ಲಿ ಮ್ಯಾನ್ಯುಯೆಲ್ ಬ್ಲಮ್ ಎಂಬ ವಿಜ್ಞಾನಿ ಇದನ್ನೇ ಎತ್ತಿಕೊಂಡ. ಆತನ ಕಥೆಯಲ್ಲಿ ಆಲಿಸ್ ಮತ್ತು ಬಾಬ್ ವಿಚ್ಛೇದನ ಪಡೆದು ಬೇರೆ ಬೇರೆ ನಗರದಲ್ಲಿದ್ದಾರೆ, ಕಾರು ಯಾರಿಗೆ ಅಂತ ಫೋನಿನಲ್ಲೇ ನಾಣ್ಯ ಚಿಮ್ಮಿ ತೀರ್ಮಾನಿಸಬೇಕು. ನಾಣ್ಯ ಚಿಮ್ಮಿದವನು “ಅಯ್ಯೋ, ನೀನು ಸೋತೆ” ಅಂದರೆ ನಂಬುವುದು ಹೇಗೆ? ಒಬ್ಬರು ಮೊದಲು ತಮ್ಮ ಆಯ್ಕೆಯನ್ನು ಗಣಿತದ ಲಕೋಟೆಯೊಳಗೆ ಹಾಕಿ ಕೊಟ್ಟುಬಿಟ್ಟರೆ ನಂಬಬಹುದು.

ನಾನು ಮಾಡಿದ ಲಕೋಟೆ ಬಹಳ ಸರಳ. ಒಂದು ಚಿಕ್ಕ ವೆಬ್ ಪುಟ. ಮೊತ್ತ ಟೈಪ್ ಮಾಡಿದರೆ ಅದರ ಶಾ-256 ಹ್ಯಾಶ್ ಬರುತ್ತದೆ, 64 ಅಕ್ಷರ-ಅಂಕಿಗಳ ಉದ್ದನೆಯ ಬಾಲ. ಹ್ಯಾಶ್ ಅಂದರೆ ಒಮ್ಮುಖ ಗಿರಣಿ ಇದ್ದಂತೆ. ಅಕ್ಕಿ ಹಾಕಿದರೆ ಹಿಟ್ಟು ಬರುತ್ತದೆ, ಹಿಟ್ಟು ಹಾಕಿದರೆ ಅಕ್ಕಿ ಬರುವುದಿಲ್ಲ. ಐದು ಗಂಟೆಗೆ ಎಲ್ಲರೂ ಆ ಬಾಲವನ್ನು ಗುಂಪಿಗೆ ಹಾಕಬೇಕು, ಏಳು ಗಂಟೆಗೆ ಮೊತ್ತ ಹೇಳಬೇಕು. ಮೊತ್ತದ ಬಾಲ ಐದು ಗಂಟೆಯ ಬಾಲಕ್ಕೆ ಹೊಂದಿದರೆ ಸರಿ. ಏಪ್ರಿಲ್‌ನಲ್ಲಿ ಮೊದಲ ಪ್ರಯೋಗ. ಎಲ್ಲರೂ ಹೊಗಳಿದರು. ಚಿಕ್ಕಮ್ಮ ಮಾತ್ರ, “ನನ್ನದಕ್ಕೂ ಅವಳದ್ದಕ್ಕೂ ಬಾಲ ಒಂದೇ ಬಂದಿದೆಯಲ್ಲೋ, ತಪ್ಪಾ?” ಅಂತ ಕೇಳಿದರು. ಇಬ್ಬರೂ 5,000 ಹಾಕಿದ್ದರು. ಒಂದೇ ಮೊತ್ತಕ್ಕೆ ಒಂದೇ ಬಾಲ, ತಪ್ಪಲ್ಲ ಅಂದೆ.

ಆ ರಾತ್ರಿ ಮಲಗಿದ ಮೇಲೆ ಹೊಳೆಯಿತು. ಒಂದೇ ಮೊತ್ತಕ್ಕೆ ಯಾವಾಗಲೂ ಒಂದೇ ಬಾಲ ಅಂದರೆ, ಎಲ್ಲ ಮೊತ್ತಗಳ ಬಾಲವನ್ನೂ ಮೊದಲೇ ಬರೆದಿಟ್ಟುಕೊಳ್ಳಬಹುದಲ್ಲ? ನಮ್ಮ ಚೀಟಿಯ ನಿಯಮದ ಪ್ರಕಾರ ಕೂಗು ನೂರರ ಲೆಕ್ಕದಲ್ಲಿರಬೇಕು, 30,000 ಮೀರಬಾರದು. ಒಟ್ಟು ಮುನ್ನೂರು ಮೊತ್ತಗಳು. ಮುನ್ನೂರು ಸಲ ಹ್ಯಾಶ್ ಮಾಡಲು ನನ್ನ ಲ್ಯಾಪ್‌ಟಾಪಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಹಿಟ್ಟಿನಿಂದ ಅಕ್ಕಿ ತೆಗೆಯಲಾಗದು ನಿಜ, ಆದರೆ ಊರಲ್ಲಿರುವುದೇ ಮುನ್ನೂರು ಬಗೆಯ ಅಕ್ಕಿ ಆದರೆ ಎಲ್ಲವನ್ನೂ ಬೀಸಿ ನೋಡಿದರಾಯಿತು! ತತ್ವಶಃ ಅತ್ತೆಯೂ ತಮ್ಮ ಫೋನಿನಲ್ಲಿ ಅದೇ ಪುಟ ತೆರೆದು ಮುನ್ನೂರು ಸಲ ಟೈಪ್ ಮಾಡಿ ನೋಡಬಹುದಿತ್ತು. ತತ್ವಶಃ.

ಮುಂದಿನ ತಿಂಗಳೊಳಗೆ ಸರಿ ಮಾಡೋಣ ಅಂದುಕೊಂಡೆ. ಮಾಡಲಿಲ್ಲ.

ಮೇ ತಿಂಗಳು. ಆ ಸಲ ಕೂಗಿದವರು ಏಳು ಜನ. ನನಗೆ ದುಡ್ಡು ಬೇಕಿರಲಿಲ್ಲ, ಕೂಗಿರಲಿಲ್ಲ. ಐದೂಕಾಲಿಗೆ ಸುಮ್ಮನೆ ಕುತೂಹಲಕ್ಕೆ ಅಂತ (ಕಳ್ಳರೆಲ್ಲ ಹೀಗೇ ಹೇಳುವುದು) ನಾಲ್ಕು ಸಾಲಿನ ಪ್ರೋಗ್ರಾಂ ಬರೆದೆ. ಏಳೂ ಲಕೋಟೆ ತೆರೆದುಕೊಂಡವು. ಆರು ಜನರ ಕೂಗಿನಲ್ಲಿ ಎಲ್ಲಕ್ಕಿಂತ ದೊಡ್ಡದು 7,200. ಏಳನೆಯದು ದೊಡ್ಡತ್ತೆಯದು. 22,000.

ಅತ್ತೆಯದು ಹಳೇ ಹೆಂಚಿನ ಮನೆ. ಹಿಂದಿನ ಮಳೆಗಾಲದಲ್ಲೇ ಅಡುಗೆಮನೆ ಸೋರಿ ಪಾತ್ರೆಗಳನ್ನು ಜೋಡಿಸಿಟ್ಟು ದಿನ ಕಳೆದಿದ್ದರು. ಜೂನ್ ಹತ್ತಿರ ಬಂದಿತ್ತು. ಈ ತಿಂಗಳ ಚೀಟಿ ತಪ್ಪಬಾರದು ಅಂತ ಹೆದರಿ 22,000 ಹಾಕಿದ್ದರು. 7,300 ಹಾಕಿದ್ದರೂ ಚೀಟಿ ಅವರದ್ದೇ ಆಗುತ್ತಿತ್ತು. ವ್ಯತ್ಯಾಸ 14,700 ರೂಪಾಯಿ. ಅದು ನನಗೆ ಐದೂಕಾಲಕ್ಕೆ ಗೊತ್ತಿತ್ತು, ಅವರಿಗೆ ಏಳಕ್ಕೆ ಗೊತ್ತಾಗುವುದಿತ್ತು.

ಇಲ್ಲಿ ಸ್ವಲ್ಪ ನಿಲ್ಲಿಸಿ ಗಣಿತಕ್ಕೆ ಬರುತ್ತೇನೆ, ಯಾಕೆಂದರೆ ಆ ಸಂಜೆಯ ನಂತರ ಇದರ ಬಗ್ಗೆ ನಾನು ಓದಿದ್ದು ಜಾಸ್ತಿ. ಮೊದಲು ತಿಳಿದ ವಿಚಾರ ಏನೆಂದರೆ, ಗುಟ್ಟು ಮತ್ತು ಕಟ್ಟು ಎರಡನ್ನೂ ನೂರಕ್ಕೆ ನೂರು ಗಟ್ಟಿ ಮಾಡಲು ಸಾಧ್ಯವೇ ಇಲ್ಲ. ಬರೀ ಇಬ್ಬರು, ನಡುವೆ ಬರೀ ಸಂದೇಶಗಳು ಇರುವಾಗ. ಕಾರಣ ಮಕ್ಕಳಿಗೂ ಹೇಳಬಹುದು. ನಾನು ಕಳಿಸಿದ ಬಾಲವನ್ನು ತೆಗೆದುಕೊಳ್ಳಿ. ಆ ಬಾಲ ಒಂದೇ ಒಂದು ಮೊತ್ತಕ್ಕೆ ಹೊಂದುತ್ತದೆ ಅಂದರೆ, ಎಷ್ಟು ಬೇಕಾದರೂ ಲೆಕ್ಕ ಮಾಡಬಲ್ಲ ಸರ್ವಶಕ್ತನಿಗೆ ಅದು ಯಾವುದು ಅಂತ ಹುಡುಕಿ ತೆಗೆಯಬಹುದು, ಗುಟ್ಟು ಹೋಯಿತು. ಹಾಗಲ್ಲ, ಎಲ್ಲ ಮೊತ್ತಗಳಿಗೂ ಹೊಂದುವ ಹಾಗಿದೆ ಅಂದರೆ ಗುಟ್ಟು ಉಳಿಯಿತು. ಆದರೆ ಕಳಿಸಿದವನೇ ಸರ್ವಶಕ್ತನಾಗಿದ್ದರೆ ಆಮೇಲೆ ತನಗೆ ಬೇಕಾದ ಮೊತ್ತಕ್ಕೆ ಹೊಂದಿಸಿ ತೋರಿಸಬಹುದು, ಕಟ್ಟು ಹೋಯಿತು. ಹಾಗಾಗಿ ಲಕೋಟೆ ಮಾಡುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಲೇಬೇಕು: ಇಬ್ಬರಲ್ಲಿ ಬಲಶಾಲಿ ಯಾರು? ಹಾಕುವವನೋ, ಹಿಡಿದುಕೊಳ್ಳುವವನೋ?

ನಾನು ಕೇಳಿಕೊಂಡಿರಲಿಲ್ಲ. ಎಲ್ಲರ ಕೈಯಲ್ಲೂ ಫೋನ್ ಇದೆ, ಎಲ್ಲರೂ ಸಮಾನರು ಅಂದುಕೊಂಡಿದ್ದೆ.

ವಿದ್ವಾಂಸರು ಮಾತ್ರ ಇದನ್ನು ಚೆನ್ನಾಗಿ ಕೇಳಿಕೊಂಡಿದ್ದಾರೆ. ಗೂಢಲಿಪಿಶಾಸ್ತ್ರದಲ್ಲಿ ಅಸಮಬಲದ ಆಟಗಳು 1985ರ ಹೊತ್ತಿಗೇ ಬಂದಿದ್ದವು. ಒಬ್ಬ ಸರ್ವಶಕ್ತ ಸಾಧಕ ಮತ್ತು ಒಬ್ಬ ಸಾಮಾನ್ಯ ಪರೀಕ್ಷಕ, ಸಾಧಕನನ್ನು ನಂಬದೆಯೇ ಪರೀಕ್ಷಕ ಸತ್ಯ ತಿಳಿಯಬೇಕು. ಲಾಸ್ಲೋ ಬಾಬಾಯ್ ಅದಕ್ಕೆ ಆರ್ಥರ್ ರಾಜ ಮತ್ತು ಮರ್ಲಿನ್ ಮಾಂತ್ರಿಕನ ಹೆಸರನ್ನೇ ಇಟ್ಟ. 1992ರಲ್ಲಿ ರಫಾಯಿಲ್ ಒಸ್ಟ್ರೋವ್ಸ್ಕಿ, ರಾಮರತ್ನಂ ವೆಂಕಟೇಶನ್, ಮೋಟಿ ಯುಂಗ್ ಎಂಬ ಮೂವರು ಲಕೋಟೆಯ ಆಟದಲ್ಲಿ ಒಬ್ಬನಿಗೆ ಲೆಕ್ಕದ ಬಲ ಅನ್ಯಾಯವಾಗಿ ಹೆಚ್ಚಿದ್ದರೆ ಏನು ಗತಿ ಎಂಬುದನ್ನೇ ವಿಷಯವಾಗಿ ಹಿಡಿದು ಪ್ರಬಂಧ ಬರೆದರು. ಹಾಕುವವನು ಬಲಶಾಲಿಯಾದರೆ ಹೇಗೆ, ಹಿಡಿದುಕೊಳ್ಳುವವನು ಬಲಶಾಲಿಯಾದರೆ ಹೇಗೆ, ಎರಡೂ ಇದೆ. ಆ ಪ್ರಬಂಧದ ಅರ್ಧ ನನ್ನ ತಲೆಯ ಮೇಲಿಂದ ಹೋಯಿತು, ಆ ಮಾತು ಬೇರೆ.

ಆದರೆ ಮೋನಿ ನಾವೋರ್ 1989ರಲ್ಲಿ ಕೊಟ್ಟ ಒಂದು ಉಪಾಯ ಮಾತ್ರ ನನಗೆ ಪೂರ್ತಿ ಅರ್ಥವಾಯಿತು, ಅರ್ಥವಾದ ದಿನ ಖುಷಿಯಿಂದ ಮನೆಯೆಲ್ಲ ಓಡಾಡಿದೆ. ಹಾಕುವವನು ಎಷ್ಟೇ ಬಲಶಾಲಿಯಾಗಲಿ, ಮೋಸ ಮಾಡಲು ಆಗದ ಲಕೋಟೆ ಅದು. ಮೊದಲು ಮಾತಾಡುವುದು ದುರ್ಬಲನೇ. ಅವನು ಸೊನ್ನೆ-ಒಂದುಗಳ ಒಂದು ಉದ್ದನೆಯ ಸಾಲನ್ನು ಮನಸ್ಸಿಗೆ ಬಂದಂತೆ ಆರಿಸಿ ಎದುರಿನವನಿಗೆ ಕಳಿಸುತ್ತಾನೆ, 384 ಬಿಟ್ ಅನ್ನಿ. ಬಲಶಾಲಿ ತನ್ನ ಹತ್ತಿರ 128 ಬಿಟ್‌ನ ಒಂದು ಗುಟ್ಟಿನ ಬೀಜ ಇಟ್ಟುಕೊಂಡು, ಎಲ್ಲರಿಗೂ ಗೊತ್ತಿರುವ ಒಂದು ಸೂತ್ರದಿಂದ ಅದನ್ನು 384 ಬಿಟ್‌ಗೆ ಹಿಗ್ಗಿಸುತ್ತಾನೆ. ‘ಇಲ್ಲ’ ಅನ್ನಬೇಕಿದ್ದರೆ ಹಿಗ್ಗಿಸಿದ್ದನ್ನು ಹಾಗೇ ಕಳಿಸುತ್ತಾನೆ, ‘ಹೌದು’ ಅನ್ನಬೇಕಿದ್ದರೆ ದುರ್ಬಲನ ಸಾಲನ್ನು ಅದಕ್ಕೆ ಬೆರೆಸಿ ಕಳಿಸುತ್ತಾನೆ. ಆಮೇಲೆ ಬೀಜ ತೋರಿಸಿದರೆ ಲಕೋಟೆ ತೆರೆದಂತೆ.

ಇದರಲ್ಲಿ ಮೋಸ ಮಾಡಬೇಕಾದರೆ ಎರಡು ಬೀಜಗಳು ಬೇಕು, ಅವೆರಡರ ಹಿಗ್ಗಿದ ಸಾಲುಗಳ ನಡುವಿನ ವ್ಯತ್ಯಾಸ ಸರಿಯಾಗಿ ದುರ್ಬಲ ಆರಿಸಿದ ಸಾಲೇ ಆಗಿರಬೇಕು. ಬೀಜಗಳ ಜೋಡಿಗಳು ಎಷ್ಟು? ಎರಡರ ಘಾತ 256. ದುರ್ಬಲ ಆರಿಸಬಹುದಾದ ಸಾಲುಗಳು ಎಷ್ಟು? ಎರಡರ ಘಾತ 384. ಮೋಸಕ್ಕೆ ಒದಗುವ ಸಾಲು ಸಿಗುವ ಸಂಭವ ಹೆಚ್ಚೆಂದರೆ ಎರಡರ ಘಾತ 128ರಲ್ಲಿ ಒಂದು. ಈ ಲೆಕ್ಕದಲ್ಲಿ ಎದುರಿನವನ ಕಂಪ್ಯೂಟರ್ ಎಷ್ಟು ದೊಡ್ಡದು ಅನ್ನುವ ಮಾತೇ ಬರುವುದಿಲ್ಲ, ಗಮನಿಸಿ. ಭೂಮಿಯ ಮೇಲಿನ ಎಲ್ಲ ಕಂಪ್ಯೂಟರ್ ಅವನದ್ದೇ ಆದರೂ, ಇಲ್ಲದ ಜೋಡಿಯನ್ನು ಹುಡುಕುವುದು ಹೇಗೆ? ದುರ್ಬಲನಿಗೆ ಬೇಕಾಗಿದ್ದು ಮೊದಲು ದಾಳ ಉರುಳಿಸುವ ಹಕ್ಕು ಮಾತ್ರ.

ಹಾಗಂತ ಗುಟ್ಟಿನ ಕಡೆ ಇದು ಸಾಮಾನ್ಯವೇ. ಹಿಡಿದುಕೊಂಡವನು ಸರ್ವಶಕ್ತನಾಗಿದ್ದರೆ ಬೀಜಗಳನ್ನೆಲ್ಲ ಹಾಕಿ ನೋಡಿ ತೆರೆದುಬಿಡುತ್ತಾನೆ. ಅದಕ್ಕೆ ಉಲ್ಟಾ ಲಕೋಟೆ 1991ರಲ್ಲಿ ಟಾರ್ಬೆನ್ ಪೆಡರ್ಸನ್ ಕೊಟ್ಟಿದ್ದು. ಅದರಲ್ಲಿ ಗುಟ್ಟು ಸಂಪೂರ್ಣ, ಯಾರೂ ಯಾವತ್ತೂ ಇಣುಕಲಾರರು. ಕಟ್ಟು ಮಾತ್ರ ಒಂದು ಕಠಿಣ ಲೆಕ್ಕದ ಮೇಲೆ ನಿಂತಿದೆ, ಅದನ್ನು ಬಿಡಿಸಬಲ್ಲವನು ಮಾತು ಬದಲಾಯಿಸಬಹುದು. ದೊಡ್ಡ ಕ್ವಾಂಟಂ ಕಂಪ್ಯೂಟರ್ ಬಂದರೆ ಅದು ಬಿಡಿಸುತ್ತದೆ ಅಂತ 1994ರಲ್ಲೇ ಪೀಟರ್ ಶೋರ್ ತೋರಿಸಿದ್ದಾನೆ. ಆದರೂ ಪೆಡರ್ಸನ್ ಲಕೋಟೆಯಲ್ಲಿ ನನಗೆ ಇಷ್ಟವಾದದ್ದು ಒಂದಿದೆ. ಕಟ್ಟು ಗಟ್ಟಿಯಾಗಿರಬೇಕಾದ್ದು ಲಕೋಟೆ ತೆರೆಯುವ ತನಕ ಮಾತ್ರ, ನಮ್ಮ ಚೀಟಿಯಲ್ಲಾದರೆ ಎರಡು ಗಂಟೆ. ಗುಟ್ಟು ಹಾಗಲ್ಲ. ಯಾವತ್ತೂ ತೆರೆಯದೇ ಉಳಿದ ಲಕೋಟೆಯನ್ನು ಮೂವತ್ತು ವರ್ಷದ ನಂತರ ಯಾರೋ ಹಿಡಿದು ಕೂರಬಹುದು. ಆ ಮನುಷ್ಯನ ಕೈಯಲ್ಲಿ ಇವತ್ತಿನ ಯಾರ ಕೈಯಲ್ಲೂ ಇಲ್ಲದ ಯಂತ್ರ ಇರುತ್ತದೆ. ನಾಳೆಯವನು ಯಾವಾಗಲೂ ಇವತ್ತಿನವನಿಗಿಂತ ಬಲಶಾಲಿಯೇ.

ಕಟ್ಟು ಕಳಚಿದ ಕಥೆ ಬೇಕಾದರೆ 2007ರಲ್ಲಿ ನಡೆದದ್ದು ಕೇಳಿ. ಮಾರ್ಕ್ ಸ್ಟೀವನ್ಸ್, ಅರ್ಜೆನ್ ಲೆನ್‌ಸ್ಟ್ರಾ, ಬೆನ್ನೆ ಡಿ ವೆಗರ್ ಎಂಬ ಮೂವರು ಸಂಶೋಧಕರು, 2008ರ ಅಮೆರಿಕ ಅಧ್ಯಕ್ಷರ ಚುನಾವಣೆ ಯಾರು ಗೆಲ್ಲುತ್ತಾರೆ ಅಂತ ನಮಗೆ ಗೊತ್ತು ಎಂದು ಒಂದು ಹ್ಯಾಶ್ ಪ್ರಕಟಿಸಿದರು. ಚುನಾವಣೆಗೆ ಸುಮಾರು ಒಂದು ವರ್ಷ ಇತ್ತು. ಬಳಸಿದ್ದು ಎಂಡಿ5 ಎಂಬ ಹಳೆಯ ಹ್ಯಾಶ್, 2004ರಲ್ಲೇ ಚೀನಾದ ವಾಂಗ್ ಶಿಯಾವ್‌ಯುನ್ ಮತ್ತು ಸಂಗಡಿಗರು ಅದನ್ನು ಮುರಿದಿದ್ದರು. ಈ ಮೂವರು ಹನ್ನೆರಡು ಬೇರೆ ಬೇರೆ ಹೆಸರಿನ ಹನ್ನೆರಡು ಪಿಡಿಎಫ್ ಕಡತ ಮಾಡಿ, ಹನ್ನೆರಡಕ್ಕೂ ಒಂದೇ ಹ್ಯಾಶ್ ಬರುವಂತೆ ಹೊಂದಿಸಿದ್ದರು! ಯಾರು ಗೆದ್ದರೂ ಆ ಕಡತ ತೆಗೆದು ತೋರಿಸಬಹುದು. ಇಷ್ಟಕ್ಕೆಲ್ಲ ಅವರು ಬಳಸಿದ್ದು ಮಕ್ಕಳು ಆಟ ಆಡುವ ಒಂದು ಪ್ಲೇಸ್ಟೇಷನ್-3. ಅವರ ಉದ್ದೇಶ ಎಚ್ಚರಿಸುವುದಾಗಿತ್ತು, ಗುಟ್ಟನ್ನೂ ಅವರೇ ಬಿಚ್ಚಿಟ್ಟರು. ಜ್ಯೋತಿಷಿಗಳಿಗೆ ಗೊತ್ತಾಗಿದ್ದರೆ ಏನಾಗುತ್ತಿತ್ತೋ!

ನನ್ನದು ಅದರ ತದ್ವಿರುದ್ಧ. ಕಟ್ಟು ಭದ್ರ, ಗುಟ್ಟು ಬಯಲು. ಹಾಗೆ ನೋಡಿದರೆ ಇದೇ ತಪ್ಪನ್ನು ನನಗಿಂತ ದೊಡ್ಡವರೂ ಮಾಡುತ್ತಾರೆ. ‘ನಿಮ್ಮ ಫೋನ್ ನಂಬರನ್ನು ಹ್ಯಾಶ್ ಮಾಡಿ ಇಟ್ಟಿದ್ದೇವೆ, ಭಯ ಬೇಡ’ ಅನ್ನುವವರನ್ನು ನೋಡಿದ್ದೇನೆ. ನಮ್ಮ ದೇಶದ ಮೊಬೈಲ್ ನಂಬರು ಹತ್ತು ಅಂಕಿ, ಶುರುವಾಗುವುದು 6, 7, 8 ಅಥವಾ 9ರಿಂದ. ಎಲ್ಲಾ ಸೇರಿ 400 ಕೋಟಿ. ಮೊಬೈಲಿಗೆ ಅದು ದೊಡ್ಡ ಕೆಲಸ, ಒಳ್ಳೆಯ ಗ್ರಾಫಿಕ್ಸ್ ಕಾರ್ಡಿಗೆ ಕೆಲವು ಸೆಕೆಂಡು.

ಸರಿ, ಮೇ ತಿಂಗಳ ಆ ಸಂಜೆಗೆ ವಾಪಸ್ ಬರೋಣ.

ಅತ್ತೆಗೆ ಫೋನ್ ಮಾಡಿ ಹೇಳಿದರೆ ಪ್ರಯೋಜನ ಇರಲಿಲ್ಲ. ಕಟ್ಟು ಭದ್ರವಾಗಿತ್ತಲ್ಲ, ಐದು ಗಂಟೆಗೆ ಹಾಕಿದ ಬಾಲವನ್ನು ಅವರು ಬದಲಾಯಿಸುವಂತಿಲ್ಲ, ನಾನೇ ಮಾಡಿದ ನಿಯಮ. ಆದರೆ ನಾನು ಗುಂಪಿನಲ್ಲಿ ಒಂದು ಮಾತು ಹಾಕಬಹುದಿತ್ತು, “ಪ್ರೋಗ್ರಾಂನಲ್ಲಿ ತಪ್ಪಿದೆ, ಎಲ್ಲರೂ ಮತ್ತೆ ಹಾಕಿ” ಅಂತ. ಅದು ಸುಳ್ಳೂ ಆಗುತ್ತಿರಲಿಲ್ಲ. ನಿಜವಾಗಿಯೂ ತಪ್ಪಿತ್ತು. ಬೆರಳನ್ನು ಫೋನಿನ ಮೇಲಿಟ್ಟುಕೊಂಡು ಕೂತಿದ್ದೆ. ಏನು ತಪ್ಪು ಅಂತ ಚಿಕ್ಕಪ್ಪ ಕೇಳುತ್ತಾರೆ. ಹೇಗೆ ಗೊತ್ತಾಯಿತು ಅಂತ ಕೇಳುತ್ತಾರೆ. ನೋಡಿದ್ದೀಯಾ ಅಂತ ಕೇಳುತ್ತಾರೆ. ಯಾರೂ ಯಾರನ್ನೂ ನಂಬಬೇಕಿಲ್ಲ ಅಂತ ಉದ್ದಕ್ಕೆ ಬರೆದಿದ್ದ ಸಂದೇಶ ಅದೇ ಗುಂಪಿನಲ್ಲಿ ಮೇಲೆ ಇತ್ತು.

ಏಳು ಗಂಟೆಯಾಯಿತು. ಮೊತ್ತಗಳು ಬಂದವು. ಗುಂಪಿನಲ್ಲಿ ಅಯ್ಯೋ ಪಾಪ, ಇಷ್ಟೊಂದಾ ಅಂತ ನಾಲ್ಕಾರು ಜನ ಬರೆದರು. ನಾನೂ ಒಂದು ಕೈಮುಗಿಯುವ ಚಿತ್ರ ಹಾಕಿದೆ. ಅತ್ತೆಗೆ 78,000 ಸಿಕ್ಕಿತು. 22,000ವನ್ನು ಇಪ್ಪತ್ತು ಜನಕ್ಕೆ ಹಂಚಿದ್ದರಿಂದ ಎಲ್ಲರೂ ಆ ತಿಂಗಳು 5,000ದ ಬದಲು 3,900 ಕಟ್ಟಿದೆವು. ನನ್ನ ಪಾಲಿಗೆ ಬಂದದ್ದು 1,100.

ಜೂನ್‌ಗೆ ಪ್ರೋಗ್ರಾಂ ಸರಿ ಮಾಡಿದೆ. ಮೊತ್ತದ ಜೊತೆ ಯಾರೂ ಊಹಿಸಲಾಗದ ಒಂದು ಉದ್ದನೆಯ ಸಂಖ್ಯೆ ಸೇರಿಸಿ ಹ್ಯಾಶ್ ಮಾಡುವುದು, ಏಳು ಗಂಟೆಗೆ ಎರಡನ್ನೂ ಹೇಳುವುದು. ಆ ಸಂಖ್ಯೆಯನ್ನು ಪುಟವೇ ಆರಿಸುತ್ತದೆ ಅಂದೆ. ಚಿಕ್ಕಪ್ಪ, “ಪುಟ ಬರೆದೋನು ನೀನೇ ಅಲ್ವಾ?” ಅಂದರು. ಆ ಮನುಷ್ಯ ಬ್ಯಾಂಕಿನಲ್ಲಿ ಆಡಿಟರ್ ಆಗಿದ್ದವರು. ಹಾಗಾದರೆ ನೀವೇ ಲೂಡೋ ದಾಳವನ್ನು ಇಪ್ಪತ್ತು ಸಲ ಉರುಳಿಸಿ ಬಂದದ್ದನ್ನು ಟೈಪ್ ಮಾಡಿ ಅಂದೆ. ಇಪ್ಪತ್ತು ಸಲ ಆರು ಮುಖದ ದಾಳ ಅಂದರೆ ಸುಮಾರು 36 ಕೋಟಿ ಕೋಟಿ ಸಾಧ್ಯತೆ. ಅದಕ್ಕೆ ಮುನ್ನೂರು ಮೊತ್ತ ಗುಣಿಸಿದರೆ, ಸೆಕೆಂಡಿಗೆ ಸಾವಿರ ಕೋಟಿ ಹ್ಯಾಶ್ ಮಾಡುವ ಕಾರ್ಡಿಗೂ ಎಲ್ಲ ನೋಡಿ ಮುಗಿಸಲು ಮೂರು ವರ್ಷದ ಮೇಲೆ ಬೇಕು. ಎರಡು ಗಂಟೆಯ ಗುಟ್ಟಿಗೆ ಧಾರಾಳವಾಯಿತು. ಮೂರು ತಿಂಗಳು ಲೂಡೋ ದಾಳದ ಚೀಟಿ ನಡೆಯಿತು. ಅತ್ತೆಗೆ ಆಗಲೇ ಚೀಟಿ ಆಗಿತ್ತು, ಆದರೂ ಮೊಮ್ಮಗನ ಕೈಯಲ್ಲಿ ದಾಳ ಹಾಕಿಸಿ ಖುಷಿಪಡುತ್ತಿದ್ದರು.

ಆದರೂ ಪುಟ ನನ್ನದೇ ಅಲ್ಲವೇ. ಅದರಲ್ಲಿ ಟೈಪ್ ಮಾಡಿದ್ದು ಅತ್ತೆಯ ಫೋನಿನಲ್ಲೇ ಉಳಿಯುತ್ತದೆಯೋ, ಸದ್ದಿಲ್ಲದೆ ನನಗೆ ಬಂದು ಸೇರುತ್ತದೆಯೋ, ಅವರು ಹೇಗೆ ತಿಳಿಯಬೇಕು? ಬಂದು ಸೇರುತ್ತಿರಲಿಲ್ಲ. ಅದು ನನ್ನ ಮಾತು. ಇಪ್ಪತ್ತು ಜನರಲ್ಲಿ ಆ ಕೋಡ್ ಓದಬಲ್ಲವನು ನಾನೊಬ್ಬನೇ. ನಾವೋರ್ ದುರ್ಬಲನ ಕೈಗೆ ದಾಳ ಕೊಟ್ಟ, ಸರಿ. ಆ ದಾಳದ ಅಂಕಿಯನ್ನು ಹ್ಯಾಶ್ ಮಾಡಲೂ ಬಲಶಾಲಿಯ ಮನೆಗೇ ಬರಬೇಕಾದವರಿಗೆ ಏನು ಉಪಾಯ ಅಂತ ನಾನು ಓದಿದ್ದರಲ್ಲಿ ಎಲ್ಲೂ ಸಿಗಲಿಲ್ಲ. ದಸರಾ ಹೊತ್ತಿಗೆ ಸ್ಟೀಲ್ ಡಬ್ಬಿ ವಾಪಸ್ ಬಂತು. 2021ರ ಆಗಸ್ಟ್‌ನಲ್ಲಿ ಚೀಟಿ ಮುಗಿಯಿತು.

ಕಳೆದ ದೀಪಾವಳಿಗೆ ಅತ್ತೆಯ ಮನೆಗೆ ಹೋದಾಗ ಹೇಳಿದೆ. ಹೊಸ ಹೆಂಚಿನ ಅಡುಗೆಮನೆಯಲ್ಲೇ ಕೂತಿದ್ದೆವು. ಹ್ಯಾಶ್, ಮುನ್ನೂರು, ಐದೂಕಾಲು ಗಂಟೆ ಎಲ್ಲಾ ಹೇಳಿದೆ. ಅತ್ತೆ ಚಕ್ಕುಲಿ ಒತ್ತುತ್ತಲೇ ಕೇಳಿಸಿಕೊಂಡರು.

“ಅಂದ್ರೆ ಏಳು ಸಾವಿರದ ಮುನ್ನೂರು ಹಾಕಿದ್ರೆ ಸಾಕಿತ್ತು ಅಂತ ನಿಂಗೆ ಮೊದಲೇ ಗೊತ್ತಿತ್ತು.”

“ಹೂಂ.”

“ನಿನ್ನ ಪಾಲಿಗೆ ಎಷ್ಟು ಬಂತು ಅದ್ರಲ್ಲಿ?”

“ಸಾವಿರದ ನೂರು.”

ಎಣ್ಣೆಯ ಕೈಯನ್ನು ಸೆರಗಿಗೆ ಒರೆಸಿಕೊಂಡು ಮುಂದೆ ಚಾಚಿದರು. ನಾನು ಪರ್ಸ್ ತೆಗೆದೆ. ಐನೂರರ ಎರಡು, ನೂರರ ಒಂದು. ಎಣಿಸಿ, ಸಾಸಿವೆ ಡಬ್ಬದೊಳಗಿಟ್ಟರು. ಚಕ್ಕುಲಿ ಒರಳಿಗೆ ಮತ್ತೆ ಹಿಟ್ಟು ತುಂಬುತ್ತಾ, “ಉಳಿದ ಹದಿನೆಂಟು ಜನಕ್ಕೆ ನಾನು ಹೇಳಲ್ಲ, ನೀನೇ ಹೇಳು” ಅಂದರು.

ಇನ್ನೂ ಹೇಳಿಲ್ಲ. ಚೀಟಿ ಮುಗಿದರೂ ಆ ವಾಟ್ಸಾಪ್ ಗುಂಪು ಹಾಗೇ ಇದೆ, ಹುಟ್ಟುಹಬ್ಬದ ಶುಭಾಶಯಕ್ಕೆ. ಇದನ್ನು ಬರೆದು ಮುಗಿಸಿದ ಮೇಲೆ ಅಲ್ಲಿಗೇ ಹಾಕುವುದು ಅಂತ ಕೂತಿದ್ದೇನೆ.